ನೀರಡಿಕೆ

ದಾನೇಶ್ವರಿಗೆ ನೀರಡಿಕೆಯಾಗಿರಲಿಲ್ಲ. ಬಿಸಿಲು ಇನ್ನೂ ಏರಿರಲಿಲ್ಲ, ಆಗಲೇ ಕುಡಿದ ನೀರು ಹೊಟ್ಟೆಯಲ್ಲಿ ಕುಲುಕುತ್ತಿತ್ತು. ಆದರೂ ಮುಂಗೈಗೆ ಅಂಟಿಸಿದ್ದ ಪಟ್ಟಿ ಮತ್ತೆ ನಡುಗಿತು. ಎರಡು ಸಲ ನಡುಗಿದರೆ ಎರಡು ಗುಟುಕು. ಅವಳು ಸೈಕಲ್ಲಿನ ಹಿಡಿಕೆಯಿಂದ ಒಂದು ಕೈ ತೆಗೆದು, ಬಾಟಲಿ ಎಳೆದು, ಎರಡು ಗುಟುಕು ಕುಡಿದಳು.

ಅದೇ ಹೊತ್ತಿಗೆ ಡೋಣಿ ಸೈಕ್ಲಿಂಗ್ ಅಕಾಡೆಮಿಯ ನಿಯಂತ್ರಣ ಕೊಠಡಿಯಲ್ಲಿ ಕೂತಿದ್ದ ಅವಳ ತಾಯಿ ಶೈಲಜಾ, ಪರದೆಯ ಮೇಲೆ ಮಗಳ ಹೆಸರಿನ ಮುಂದೆ ಹಸಿರು ಚುಕ್ಕೆ ಮೂಡಿದ್ದನ್ನು ನೋಡಿ ಮುಂದಿನ ಹೆಸರಿನತ್ತ ಕಣ್ಣು ಹೊರಳಿಸಿದಳು.

ವಿಜಯಪುರದ ರಸ್ತೆಗಳಲ್ಲಿ ಸೈಕಲ್ ತುಳಿಯುವ ಮಕ್ಕಳು ಹೊಸಬರಲ್ಲ. ಆ ಊರಿನಲ್ಲಿ ಸೈಕಲ್ಲಿನ ಹುಚ್ಚು ಮೊದಲಿನಿಂದಲೂ ಇದೆ. ಆದರೆ ಬೇಸಿಗೆಗಳು ವರ್ಷದಿಂದ ವರ್ಷಕ್ಕೆ ಕ್ರೂರವಾಗುತ್ತ ಹೋದವು. ಒಂದು ಏಪ್ರಿಲ್‌ನಲ್ಲಿ ಇಬ್ಬರು ಹುಡುಗರು ಅಭ್ಯಾಸದ ನಡುವೆ ರಸ್ತೆಯ ಮೇಲೆಯೇ ಬಿದ್ದು ಸತ್ತರು. ಮೈಯಲ್ಲಿನ ನೀರೆಲ್ಲ ಆರಿಹೋಗಿತ್ತು. ಅವರು ನೀರು ಕೇಳಿದ್ದರಂತೆ, ಮುಗಿಸಿ ಬಂದು ಕುಡಿಯಿರಿ ಎಂದು ತರಬೇತಿದಾರರು ಗದರಿದ್ದರಂತೆ. ದೊಡ್ಡ ಗದ್ದಲವಾಯಿತು. ಆಮೇಲೆ ಬಂದದ್ದು ಸೆಲೆ.

ಸೆಲೆ ಎಂಬುದು ಒಂದು ರೂಪಾಯಿ ನಾಣ್ಯದಷ್ಟು ಅಗಲದ ಮೆತ್ತನೆಯ ಪಟ್ಟಿ. ಅದರೊಳಗೆ ಕೂದಲಿಗಿಂತ ಸಣ್ಣ ಕಾಲುವೆಗಳು ಸುರುಳಿ ಸುತ್ತಿಕೊಂಡಿರುತ್ತವೆ. ಚರ್ಮದಿಂದ ಒಸರಿದ ಬೆವರು ಆ ಕಾಲುವೆಗಳಲ್ಲಿ ಹರಿಯುತ್ತದೆ. ಎಷ್ಟು ಬೇಗ ಹರಿಯಿತು, ಅದರಲ್ಲಿ ಎಷ್ಟು ಉಪ್ಪಿದೆ ಎಂಬುದನ್ನು ಪಟ್ಟಿ ಅಳೆಯುತ್ತದೆ. ಎದೆಬಡಿತವನ್ನೂ ಮೈಯ ಬಿಸಿಯನ್ನೂ ಗುರುತಿಸುತ್ತದೆ. ಮುಂಗೈಯ ಇಷ್ಟು ಜಾಗದಲ್ಲಿ ಇಷ್ಟು ಬೆವರಿದರೆ ಇಡೀ ಮೈ ಎಷ್ಟು ಬೆವರಿರಬೇಕು ಎಂದು ಲೆಕ್ಕಹಾಕಿ, ಕಳೆದುಕೊಂಡ ನೀರನ್ನು ಗುಟುಕು ಗುಟುಕಾಗಿ ತುಂಬಿಸಿಕೊಳ್ಳಲು ಹೇಳುತ್ತದೆ. ಕುಡಿದರೋ ಇಲ್ಲವೋ ಎಂಬುದನ್ನು ಬಾಟಲಿಯ ಮುಚ್ಚಳ ವರದಿ ಮಾಡುತ್ತದೆ.

ಸೆಲೆ ಬಂದ ಮೇಲೆ ಬಿಸಿಲಿಗೆ ಬಿದ್ದು ಸತ್ತವರು ಇರಲಿಲ್ಲ. ಅದು ಸುಳ್ಳಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಶೈಲಜಾ ಆ ಕೆಲಸ ಬಿಟ್ಟು ಅಕಾಡೆಮಿಗೆ ಬಂದದ್ದೇ ಅದರ ಮೇಲಿನ ನಂಬಿಕೆಯಿಂದ. ಸತ್ತ ಹುಡುಗರಲ್ಲಿ ಒಬ್ಬ ಅವಳ ವಿದ್ಯಾರ್ಥಿಯಾಗಿದ್ದ. ಇನ್ನೊಬ್ಬ ತಾಯಿಗೆ ಆ ಗತಿ ಬರಬಾರದು ಎಂದು ಅವಳು ಬೆಳಿಗ್ಗೆ ಐದಕ್ಕೆಲ್ಲ ಬಂದು ಪರದೆಯ ಮುಂದೆ ಕೂಡುತ್ತಿದ್ದಳು.

ಮೊದಮೊದಲು ಮಕ್ಕಳು ಪಟ್ಟಿಯನ್ನು ಲೆಕ್ಕಕ್ಕಿಡುತ್ತಿರಲಿಲ್ಲ. ಕುಡಿ ಎಂದರೆ ಬಿಡುತ್ತಿದ್ದರು, ಬೇಡವೆಂದರೆ ಕುಡಿಯುತ್ತಿದ್ದರು. ಅದಕ್ಕೆ ಕ್ರೀಡಾ ಒಕ್ಕೂಟದವರು ಶಿಸ್ತಿನ ಅಂಕ ಎಂಬುದನ್ನು ತಂದರು. ಸೆಲೆ ಹೇಳಿದಾಗ ಕುಡಿದರೆ ಅಂಕ ಏರುತ್ತದೆ, ತಪ್ಪಿಸಿದರೆ ಇಳಿಯುತ್ತದೆ. ತಂಡದ ಆಯ್ಕೆಯಲ್ಲಿ ವೇಗದ ಜೊತೆಗೆ ಅದನ್ನೂ ನೋಡುತ್ತಿದ್ದರು. ಒಂದೇ ವರ್ಷದಲ್ಲಿ ಮಕ್ಕಳು ದಾರಿಗೆ ಬಂದರು. ಅವರಲ್ಲಿ ದಾನೇಶ್ವರಿಯಷ್ಟು ಶಿಸ್ತಿನವಳು ಇನ್ನೊಬ್ಬಳಿರಲಿಲ್ಲ.

*

ಭಾನುವಾರ ದಾನೇಶ್ವರಿ ಹಾಸ್ಟೆಲ್ಲಿನಿಂದ ಮನೆಗೆ ಬರುತ್ತಿದ್ದಳು. ಅಪ್ಪ ರಾಚಪ್ಪನ ಸೈಕಲ್ ರಿಪೇರಿ ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ಪ್ರಾಯದಲ್ಲಿ ರಾಚಪ್ಪನೂ ರೇಸಿನವನೇ. ಮಗಳ ಸೈಕಲ್ಲಿನ ಚೈನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿ, ಹಳೆಯ ಬ್ರಶ್ಶಿನಿಂದ ತಿಕ್ಕುವುದು ಅವನ ಭಾನುವಾರದ ಪೂಜೆಯಿದ್ದಂತೆ.

ಆ ದಿನ ಅವಳು ಅಂಗಡಿಯ ಕಟ್ಟೆಯ ಮೇಲೆ ಕೂತು ಬೆರಳಿನ ಉಂಗುರವನ್ನು ತಿರುವಲು ನೋಡುತ್ತಿದ್ದಳು. ಅದು ಅಲುಗಾಡಲಿಲ್ಲ.

"ಅಪ್ಪಾ, ಇದು ಹೊರಗ ಬರವಲ್ದು ನೋಡು."

"ದಪ್ಪ ಆಗೀಯೇನು?" ರಾಚಪ್ಪ ನಕ್ಕ.

"ದಪ್ಪ ಎಲ್ಲಿಂದ ಆಗ್ಲಿ? ನಿನ್ನಿ ಪ್ರಾಕ್ಟೀಸ್ ಮುಗಿದಮ್ಯಾಲೆ ಬರೇ ನೀರು ವಾಂತಿ ಆತು. ತಲಿ ಬ್ಯಾರೆ ನೂಸ್ತದ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಶೈಲಜಾಳ ಕೈ ನಿಂತಿತು. ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ವಾಂತಿ ಆದದ್ದು ಯಲಗೂರೇಶ ಸರ್‌ಗೆ ಹೇಳಿದ್ಯಾ?"

"ಹೇಳೀನಿ. ನೀರು ಕಡಿಮಿ ಆಗೈತಿ, ಇನ್ನೊಂದು ಬಾಟ್ಲಿ ಕುಡಿ ಅಂದ್ರು." ದಾನೇಶ್ವರಿ ಉಂಗುರವನ್ನು ಮತ್ತೊಮ್ಮೆ ಎಳೆದು, "ಅವ್ವಾ, ನನಗ ನೀರಡಿಕಿನ ಆಗಂಗಿಲ್ಲ. ಬಾಟ್ಲಿ ನೋಡಿದ್ರ ಹೊಟ್ಟಿ ತೊಳಸ್ತದ. ಆದ್ರೂ ಕೈ ಮ್ಯಾಲೆ ಗುಂಯ್ ಗುಂಯ್ ಅಂತಾನ ಇರ್ತದ. ಬಿಟ್ರ ನಡೀತದೇನು?" ಎಂದಳು.

"ಬ್ಯಾಡಾದ್ರ ಬಿಡಬೇಕವ್ವ. ಮೈ ಬ್ಯಾಡ ಅಂದಮ್ಯಾಲೆ ಯಾಕ ಕುಡೀಬೇಕು?" ಎಂದ ರಾಚಪ್ಪ.

ಶೈಲಜಾ ಗಂಡನನ್ನು ದುರುಗುಟ್ಟಿ ನೋಡಿದಳು. "ಸುಮ್ನಿರ್ರಿ ನೀವು. ಆ ಹುಡುಗರು ಸತ್ತಾಗ ಎಲ್ಲಾರೂ ಹಿಂಗ ಅಂತಿದ್ರು. ಬಿಸಿಲಾಗ ಓಡುವಾಗ ನೀರಡಿಕಿ ತಡಾ ಆಗಿ ತಿಳೀತೈತಿ. ನಾಲಗಿಗೆ ತಿಳಿಯೂದ್ರಾಗ ಮೈ ಆರಿ ಹೋಗಿರ್ತೈತಿ." ಮಗಳ ಕಡೆ ತಿರುಗಿದಳು. "ಸೀತಾ ರಾಠೋಡ ಏನು ಮಾಡಿದ್ಲು ನೋಡಿದ್ಯಲ್ಲ? ಇಡೀ ತಂಡದಾಗ ಅಕಿನ ಜೋರು ತುಳೀತಾಳ. ಕುಡಿಯಾಕ ಒಲ್ಲೆ ಅಂದು ಅಂಕ ಕಳಕೊಂಡು ಆಯ್ಕೆಯಿಂದ ಹೊರಗ ಬಿದ್ಲು. ಇನ್ನ ಹದಿನೈದು ದಿನದಾಗ ನಿನ್ನ ಟ್ರಯಲ್ ಐತಿ."

"ಹೂಂ," ಎಂದಳು ದಾನೇಶ್ವರಿ.

ಅವಳು ಹಟ ಮಾಡುವ ಹುಡುಗಿಯಲ್ಲ. ಚಿಕ್ಕವಳಿದ್ದಾಗ ಔಷಧಿಯನ್ನೂ ಒಂದೇ ಮಾತಿಗೆ ಕುಡಿಯುತ್ತಿದ್ದಳು. ಶೈಲಜಾ ಬೆರಳಿಗೆ ಎಣ್ಣೆ ಹಚ್ಚಿ, ಮೆಲ್ಲಗೆ ತಿರುವಿ ಉಂಗುರ ತೆಗೆದುಕೊಟ್ಟಳು. ಉಂಗುರವಿದ್ದ ಜಾಗದಲ್ಲಿ ಆಳವಾದ ಗೀರು ಮೂಡಿತ್ತು. ಊಟ ಮಾಡಿ, ಅಪ್ಪನ ಜೊತೆ ಸ್ವಲ್ಪ ಹೊತ್ತು ಚೌಕಾಬಾರ ಆಡಿ, ಸಂಜೆಗೆ ದಾನೇಶ್ವರಿ ಹಾಸ್ಟೆಲ್ಲಿಗೆ ಹೋದಳು.

*

ಟ್ರಯಲ್ಲಿನ ಹಿಂದಿನ ದಿನ ಅಕಾಲದ ಮಳೆ ಬಂದು ನಿಂತಿತ್ತು. ಬೆಳಗಾದರೆ ಗಾಳಿಯಿಲ್ಲ, ನೆಲದಿಂದ ಸೆಕೆ ಏಳುತ್ತಿತ್ತು. ಬೆವರು ಮೈಮೇಲೆ ಆರದೆ ತೊಟ್ಟಿಕ್ಕುತ್ತಿತ್ತು. ನಿಯಂತ್ರಣ ಕೊಠಡಿಯಲ್ಲಿ ಎ.ಸಿ. ಹಾಕಿದ್ದರೂ ಶೈಲಜಾ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. ದೂರದ ರೇಸ್ ಅದು, ನೂರು ಕಿಲೋಮೀಟರಿಗೂ ಹೆಚ್ಚು. ತರಬೇತಿದಾರ ಯಲಗೂರೇಶ ಜೀಪಿನಲ್ಲಿ ಹುಡುಗಿಯರ ಹಿಂದೆ ಹೋಗುತ್ತಿದ್ದ. ಅವನ ಮಾತು ಮೇಜಿನ ಮೇಲಿನ ಸ್ಪೀಕರಿನಲ್ಲಿ ಕೇಳುತ್ತಿತ್ತು.

ಮೊದಲರ್ಧ ದಾನೇಶ್ವರಿ ಮುಂದಿನ ಗುಂಪಿನಲ್ಲೇ ಇದ್ದಳು. ಆ ದಿನ ಅವಳ ಪಟ್ಟಿ ಉಳಿದವರಿಗಿಂತ ಹೆಚ್ಚು ಸಲ ನಡುಗುತ್ತಿತ್ತು. ಅವಳು ಒಂದೂ ತಪ್ಪಿಸಲಿಲ್ಲ. ಬಾಟಲಿ ಬರಿದಾದಾಗಲೆಲ್ಲ ಜೀಪಿನಿಂದ ಇನ್ನೊಂದು ಕೊಟ್ಟರು. ಶಿಸ್ತಿನ ಅಂಕ ನೂರಕ್ಕೆ ನೂರು. ಶೈಲಜಾಗೆ ಒಳಗೊಳಗೇ ಹೆಮ್ಮೆಯಾಯಿತು.

ಆಮೇಲೆ ಅವಳು ಹಿಂದೆ ಬೀಳತೊಡಗಿದಳು.

"ಮೇಡಮ್ಮರ," ಯಲಗೂರೇಶನ ದನಿ ಬಂತು. "ದಾನು ಯಾಕೋ ಸರಿ ಕಾಣವಲ್ಲಳು. ಹ್ಯಾಂಡಲ್ ಹೊಯ್ದಾಡಾಕತ್ತೈತಿ. ಮಾತಾಡ್ಸಿದ್ರ ಏನೇನೋ ಅಂತಾಳ. ಪರದೆ ಮ್ಯಾಲೆ ಏನೈತಿ?"

ಶೈಲಜಾ ಮಗಳ ಹೆಸರನ್ನು ಒತ್ತಿದಳು. ಎದೆಬಡಿತ ಸರಿಯಿತ್ತು. ಮೈಯ ಬಿಸಿ ಸರಿಯಿತ್ತು. ಎಲ್ಲವೂ ಹಸಿರು. ಕೊನೆಯ ಸಾಲಿನಲ್ಲಿ ಮಾತ್ರ, ಇನ್ನೂ ನಾಲ್ಕು ಗುಟುಕು ಬಾಕಿ ಎಂದಿತ್ತು.

"ನಾಲ್ಕು ಗುಟುಕು ಹಿಂದ ಬಿದ್ದಾಳ ಸರ್. ನೀರು ಸಾಲವಲ್ದು ಅನಸ್ತೈತಿ."

"ಒಲ್ಲೆ ಅಂತ ಕೈ ಕೊಡವಾಕತ್ತಾಳ್ರಿ."

ಶೈಲಜಾ ಪರದೆಯ ಮೂಲೆಯಲ್ಲಿದ್ದ ರೇಸಿನ ನಕ್ಷೆ ನೋಡಿದಳು. ಮುಂದಿನ ಗುಂಪಿನ ಹುಡುಗಿಯರು ಆಗಲೇ ಬಹಳ ದೂರ ಹೋಗಿದ್ದರು. "ಕುಡಸ್ರಿ ಸರ್," ಎಂದಳು. "ನಾ ಹೇಳೀನಂತ ಹೇಳ್ರಿ."

ಸ್ಪೀಕರಿನಲ್ಲಿ ಯಲಗೂರೇಶ, "ದಾನು, ಅವ್ವ ಹೇಳಾಕತ್ತಾರ ನೋಡು, ಕುಡೀಬೇಕಂತ," ಎನ್ನುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಬಾಕಿಯ ಸಾಲು ಅಳಿಸಿ ಹಸಿರು ಚುಕ್ಕೆ ಮೂಡಿತು.

ಮುಂದಿನದನ್ನು ಶೈಲಜಾ ಕಣ್ಣಿನಿಂದ ನೋಡಲಿಲ್ಲ, ಕಿವಿಯಿಂದ ಕೇಳಿದಳು. ಸೈಕಲ್ ಬಿದ್ದ ಸದ್ದು. ಜೀಪಿನ ಬ್ರೇಕು. ಫಿಟ್ಸ್ ಬಂದೈತಿ, ಕೈಕಾಲು ಹಿಡೀರಿ ಎಂದು ಯಾರೋ ಕೂಗಿದ್ದು. ಯಾರೋ ತಲೆಗೆ ನೀರು ಹೊಯ್ಯಿರಿ ಎಂದರು, ಯಾರೋ ಗ್ಲೂಕೋಸ್ ನೀರು ಬಾಯಿಗೆ ಬಿಡಿ ಎಂದರು. ಬಿಸಿಲಿನ ನಾಡಿನಲ್ಲಿ ಬಿದ್ದವರಿಗೆ ಮಾಡುವ ಉಪಚಾರ ಅದೊಂದೇ. ರಸ್ತೆಯ ಬದಿಯ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರೂ ತಮ್ಮ ಬಿಂದಿಗೆ ಹಿಡಿದು ಓಡಿ ಬಂದರಂತೆ.

ಶೈಲಜಾ ಆಸ್ಪತ್ರೆ ಮುಟ್ಟುವ ಹೊತ್ತಿಗೆ ದಾನೇಶ್ವರಿಯನ್ನು ಐ.ಸಿ.ಯು. ಒಳಗೆ ಒಯ್ದಿದ್ದರು. ರಾಚಪ್ಪ ಅಂಗಡಿಯಿಂದ ಎದ್ದು ಬಂದಂತೆಯೇ ಬಂದಿದ್ದ, ಕೈಯೆಲ್ಲ ಕಪ್ಪು ಗ್ರೀಸು. ಇಬ್ಬರೂ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತರು.

ಮರುದಿನ ಮಧ್ಯಾಹ್ನ ಅವಳು ತೀರಿಕೊಂಡಳು. ಅವಳಿಗೆ ಹದಿನೇಳು ತುಂಬಿ ಬಹಳ ದಿನವಾಗಿರಲಿಲ್ಲ.

*

ಐ.ಸಿ.ಯು.ನಲ್ಲಿ ಅವಳನ್ನು ನೋಡಿಕೊಂಡಿದ್ದ ಡಾಕ್ಟರ್ ಇನಾಮದಾರ ವಯಸ್ಸಾದವರು, ಮಾತು ಕಡಿಮೆ. ಅಂತ್ಯಕ್ರಿಯೆ ಮುಗಿದು ವಾರವಾದ ಮೇಲೆ ಅವರೇ ಶೈಲಜಾಳನ್ನು ಕರೆಸಿದರು.

"ಪೇಪರಿನ್ಯಾಗ ಬಿಸಿಲಿನ ಹೊಡೆತ ಅಂತ ಬರದಾರ. ಒಕ್ಕೂಟದವ್ರೂ ಹಂಗ ಹೇಳಿಕಿ ಕೊಟ್ಟಾರ. ಅದು ಬಿಸಿಲಲ್ರಿ. ನಿಮಗ ಹೇಳದಿದ್ರ ನನಗ ಸಮಾಧಾನ ಇಲ್ಲ."

"ಮತ್ತ ಏನ್ರಿ?"

"ನೀರು." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ರಕ್ತದಾಗ ಉಪ್ಪು ಒಂದು ಹದದಾಗ ಇರಬೇಕು. ಬೆವರಿನ ಕೂಡ ಉಪ್ಪೂ ಹೋಗ್ತದ. ಅದರ ಮ್ಯಾಲೆ ಮೈಗೆ ಬೇಕಾದದ್ದಕ್ಕಿಂತ ಜಾಸ್ತಿ ನೀರು ಕುಡಿದ್ರ ಇದ್ದ ಉಪ್ಪೂ ತೆಳ್ಳಗಾಗ್ತದ. ಆಗ ಆ ನೀರು ಮೈಯ ಕಣಕಣದೊಳಗ ನುಗ್ತದ. ಕೈ ಬಾತ್ರ, ಕಾಲು ಬಾತ್ರ ನಡೀತದ. ಮಿದುಳು ಬಾತ್ರ ತಲಿಬುರುಡಿಯೊಳಗ ಅದಕ್ಕ ಜಾಗ ಇರೂದಿಲ್ಲ. ತಲಿನೋವು, ವಾಂತಿ, ತೊದಲೂದು, ಫಿಟ್ಸು. ನೋಡಿದವ್ರಿಗೆ ಇದೆಲ್ಲಾ ನೀರು ಕಡಿಮಿ ಆದಂಗ ಕಾಣ್ತದ. ಮತ್ತ ನೀರ ಕೊಡ್ತಾರ."

"ಆದ್ರ ಸೆಲೆ ಉಪ್ಪನ್ನೂ ಅಳೀತದಲ್ರಿ."

"ಹೊರಗ ಬಂದ ಬೆವರಿನ ಉಪ್ಪು ಅಳೀತದ. ಒಳಗ ರಕ್ತದಾಗ ಎಷ್ಟು ಉಳಿದದ ಅನ್ನೂದು ಅದಕ್ಕ ಹೆಂಗ ಗೊತ್ತಾಗಬೇಕು? ಮುಂಗೈ ಬೆವರಿದಂಗ ಎಲ್ಲಾರ ಮೈನೂ ಬೆವರ್ತದ ಅನ್ನೂದೂ ಖರೆ ಅಲ್ಲ. ಕೆಲವರಿಗೆ ಕೈ ಬಾಳ ಬೆವರ್ತಾವ, ಬೆನ್ನು ಒಣಗಿರ್ತದ."

ಶೈಲಜಾ ಎದ್ದು ಹೊರಗೆ ಬಂದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಾಗ, ಪರೀಕ್ಷೆ ಮುಗಿಸಿ ಒದ್ದೆ ಕರವಸ್ತ್ರ ಹಿಡಿದು ಬರುತ್ತಿದ್ದ ದಾನೇಶ್ವರಿಯ ನೆನಪಾಯಿತು. ಉತ್ತರಪತ್ರಿಕೆ ತೊಯ್ಯಬಾರದೆಂದು ಅವಳು ಅಂಗೈ ಕೆಳಗೆ ಕರವಸ್ತ್ರ ಹಾಸಿಕೊಂಡು ಬರೆಯುತ್ತಿದ್ದಳು. ಅವಳ ಕೈ ಹಿಡಿದರೆ ಯಾವಾಗಲೂ ಒದ್ದೆ. ಆ ಒದ್ದೆ ಕೈಯನ್ನು ಹಿಡಿದು ಹಿಡಿದು ಬೆಳೆಸಿದ ತಾಯಿಗೆ ಪರದೆಯ ಮುಂದೆ ಕೂತಾಗ ಅದು ನೆನಪಾಗಿರಲಿಲ್ಲ.

ಮನೆಯಲ್ಲಿ ರಾಚಪ್ಪ ಅಂಗಡಿ ತೆರೆದಿರಲಿಲ್ಲ. ಶೈಲಜಾ ಎಲ್ಲವನ್ನೂ ಹೇಳಿದಳು. ಕುಡಸ್ರಿ ಅಂದದ್ದನ್ನೂ ಹೇಳಿದಳು.

"ನಾನರ ಗಟ್ಟಿ ಹೇಳಬೇಕಿತ್ತು," ಎಂದ ರಾಚಪ್ಪ. "ನೀ ಓದಿದಾಕಿ ಅಂತ ಸುಮ್ಮಾದೆ." ಅಷ್ಟೇ ಹೇಳಿದ. ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

*

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಯಲಗೂರೇಶ ಮನೆಗೆ ಬಂದ. ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ಮೇಡಮ್ಮರ, ಸೆಲೆ ಕಂಪನಿಯವ್ರು ದಾನುನ ಲೆಕ್ಕಾ ಎಲ್ಲಾ ತೆಗದು ನೋಡಿದ್ರಂತ. ಪಟ್ಟಿ ಕೆಲಸ ಬರೋಬ್ಬರಿ ಮಾಡೇತಿ, ಹುಡುಗಿ ಬರೋಬ್ಬರಿ ಕುಡದಾಳ ಅಂದ್ರು. ಹಂಗಾದ್ರ ಹೇಳಿದ ನೀರ ಕಡಿಮಿ ಇದ್ದಿರಬೇಕು ಅಂತ ಒಕ್ಕೂಟದವ್ರು ತೀರ್ಮಾನ ಮಾಡ್ಯಾರ. ಇನ್ನ ಮ್ಯಾಲೆ ಎಲ್ಲಾರಿಗೂ ಇನ್ನಷ್ಟು ಜಾಸ್ತಿ ಕುಡಸಬೇಕಂತ. ಮುಂದಿನ ತಿಂಗಳ ರಾಜ್ಯ ಕೂಟದಿಂದ ಸುರು."

ಶೈಲಜಾ ಅವನಿಗೆ ಇನಾಮದಾರರ ಮಾತು ಹೇಳಿದಳು. ಅವನು ಆಗ ಕುರ್ಚಿಯಲ್ಲಿ ಕೂತ. ನೀರಿನ ಬಾಟಲಿ ಹಿಡಿದು ದಾನುವಿನ ಬಾಯಿಗೆ ಇಟ್ಟವನು ಅವನೇ.

ಹಿಂದೆಲ್ಲ ತರಬೇತಿದಾರರು ಮಕ್ಕಳನ್ನು ಅಭ್ಯಾಸದ ಮುಂಚೆ, ಆಮೇಲೆ ತೂಗುತ್ತಿದ್ದರು. ಎಷ್ಟು ತೂಕ ಇಳಿಯಿತೋ ಅಷ್ಟು ನೀರು ಹೋಯಿತು ಎಂದು ಲೆಕ್ಕ. ಸೆಲೆ ಬಂದ ಮೇಲೆ ತೂಕದ ಯಂತ್ರ ಉಗ್ರಾಣ ಸೇರಿ ತುಕ್ಕು ಹಿಡಿದಿತ್ತು. ರಾಚಪ್ಪ ಓಣಿಯ ಗಿರಣಿಯಿಂದ ಒಂದನ್ನು ಕೇಳಿ ತಂದ. ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಸೀತಾ ರಾಠೋಡ ಮತ್ತು ದಾನುವಿನ ನಾಲ್ವರು ಗೆಳತಿಯರು ಸೈಕಲ್ ಹಿಡಿದು ನಿಂತರು. ಯಲಗೂರೇಶನೇ ಕರೆತಂದಿದ್ದ. ಒಬ್ಬೊಬ್ಬರನ್ನಾಗಿ ತೂಗಿದರು. ಅವರು ಪಟ್ಟಿ ಹೇಳಿದಂತೆ ಕುಡಿಯುತ್ತ ಎರಡು ತಾಸು ತುಳಿದು ಬಂದರು. ಮತ್ತೆ ತೂಗಿದರು.

ಸೀತಾ ಯಂತ್ರದ ಮುಳ್ಳನ್ನು ಬಗ್ಗಿ ನೋಡಿದಳು. "ಅಕ್ಕಾರ, ಇದು ಕೆಟ್ಟೈತೇನ್ರಿ?"

ಕೆಟ್ಟಿರಲಿಲ್ಲ. ಐವರಲ್ಲಿ ಮೂವರು ಹೋಗುವಾಗ ಇದ್ದದ್ದಕ್ಕಿಂತ ಬರುವಾಗ ಭಾರವಾಗಿದ್ದರು. ಎರಡು ತಾಸು ಬೆವರು ಸುರಿಸಿದ ಮೇಲೆ ಮೈ ಹಗುರಾಗಬೇಕು. ಕಳೆದುಕೊಂಡದ್ದಕ್ಕಿಂತ ಹೆಚ್ಚು ನೀರನ್ನು ಆ ಹುಡುಗಿಯರು ಹೊಟ್ಟೆಯಲ್ಲಿ ಹೊತ್ತು ತಂದಿದ್ದರು.

ಶೈಲಜಾ ಅದನ್ನೆಲ್ಲ ಬರೆದು ಕಂಪನಿಗೂ ಒಕ್ಕೂಟಕ್ಕೂ ಕಳಿಸಿದಳು. ಒಕ್ಕೂಟದಿಂದ ಸದ್ದಿಲ್ಲ. ಕಂಪನಿಯಿಂದ ಅನಿರುದ್ಧ ಎಂಬುವನು ವಿಡಿಯೋ ಕರೆ ಮಾಡಿದ. ತಿಳಿಯಾದ ಮುಖ, ಮೆತ್ತನೆಯ ಮಾತು, ಬೆಂಗಳೂರಿನ ಕನ್ನಡ.

"ಮೇಡಂ, ನಿಮ್ಮ ನೋವು ನಮಗೆ ಅರ್ಥ ಆಗುತ್ತೆ. ಆದರೆ ಐದು ಜನರ ತೂಕ ಇಟ್ಕೊಂಡು ಇಡೀ ರಾಜ್ಯದ ಲೆಕ್ಕ ಬದಲಾಯಿಸೋಕೆ ಆಗಲ್ಲ. ಸೆಲೆ ಎಷ್ಟು ಮಕ್ಕಳನ್ನ ಉಳಿಸಿದೆ ಅಂತ ನಿಮಗೇ ಗೊತ್ತಲ್ವಾ? ನಾವು ಖಂಡಿತ ಅಧ್ಯಯನ ಮಾಡ್ತೀವಿ. ಮುಂದಿನ ವರ್ಷದ ಹೊತ್ತಿಗೆ ಏನಾದರೂ ಬದಲಾವಣೆ ಬೇಕಿದ್ರೆ ತರ್ತೀವಿ."

"ಮುಂದಿನ ತಿಂಗಳ ಕೂಟ ಐತ್ರಿ. ಮುನ್ನೂರು ಮಕ್ಕಳು ಬರ್ತಾರ."

"ನೀವು ಸ್ವಲ್ಪ ದಿನ ರಜೆ ತಗೊಳ್ಳಿ ಮೇಡಂ."

ಶೈಲಜಾ ರಜೆ ತೆಗೆದುಕೊಳ್ಳಲಿಲ್ಲ. ಮಾರನೆಯ ದಿನವೇ ಕೆಲಸಕ್ಕೆ ಹೋಗಿ ಪರದೆಯ ಮುಂದೆ ಕೂತಳು. ಅಕಾಡೆಮಿಯವರು ಅವಳ ಗಟ್ಟಿತನವನ್ನು ಮೆಚ್ಚಿದರು.

*

ವಿಜಯಪುರದಲ್ಲೇ ನಡೆದ ಆ ಕೂಟದ ದಿನ ಅಕಾಡೆಮಿಯ ನಿಯಂತ್ರಣ ಕೊಠಡಿ ತುಂಬಿತ್ತು. ಪರದೆಯ ಮೇಲೆ ಬೀದರ್, ಕೊಪ್ಪಳ, ಮಂಡ್ಯ, ಜಮಖಂಡಿ, ಎಲ್ಲ ಕಡೆಯ ಮಕ್ಕಳ ಹೆಸರುಗಳು ಸಾಲಾಗಿ ನಿಂತಿದ್ದವು. ರೇಸ್ ಆರಂಭವಾಗಿ ಒಂದು ತಾಸು ಕಳೆಯುವಷ್ಟರಲ್ಲಿ ಕೆಲವು ಹೆಸರುಗಳ ಮುಂದೆ ಗುಟುಕುಗಳ ಲೆಕ್ಕ ಏರುತ್ತ ಹೋಗುವುದು ಶೈಲಜಾಳ ಕಣ್ಣಿಗೆ ಬಿತ್ತು. ಆ ಏರಿಕೆ ಎಲ್ಲಿಗೆ ಮುಟ್ಟುತ್ತದೆಂದು ಅಲ್ಲಿ ಅವಳಿಗಷ್ಟೇ ಗೊತ್ತಿತ್ತು. ಟ್ರಯಲ್ಲಿನ ದಿನ ಮಗಳ ಹೆಸರಿನ ಮುಂದೆ ಅದೇ ಏರಿಕೆಯನ್ನು ಹೆಮ್ಮೆಯಿಂದ ನೋಡಿದ್ದಳು.

ಪಕ್ಕದಲ್ಲಿ ಕೂತವರು ಚಹಾ ತರಲು ಎದ್ದರು. ಶೈಲಜಾ ತನ್ನ ಗುಪ್ತಪದ ಹಾಕಿ, ಮುನ್ನೂರು ಮಕ್ಕಳ ಪಟ್ಟಿಗಳನ್ನೂ ಒಮ್ಮೆಗೇ ಬಂದ್ ಮಾಡಿದಳು. ಆಮೇಲೆ ಗುಪ್ತಪದವನ್ನು ಬದಲಿಸಿದಳು. ಮೈಕು ತೆಗೆದುಕೊಂಡು ಎಲ್ಲ ಜೀಪುಗಳಿಗೆ, "ಪಟ್ಟಿ ಬಂದ್ ಆಗ್ಯಾವ. ಮಕ್ಕಳಿಗೆ ನೀರಡಿಕಿ ಆದಾಗ ಕುಡೀರಿ ಅಂತ ಹೇಳ್ರಿ," ಎಂದಳು. ಅಷ್ಟರಲ್ಲಿ ಯಾರೋ ಬಂದು ಮೈಕು ಕಸಿದುಕೊಂಡರು.

ಯಲಗೂರೇಶ ಆ ಮಾತನ್ನು ತನ್ನ ಹುಡುಗಿಯರಿಗೆ ಮುಟ್ಟಿಸಿದ. ಉಳಿದ ಎಷ್ಟೋ ಜೀಪಿನವರು ಮುಟ್ಟಿಸಲಿಲ್ಲ. ಯಂತ್ರ ಈಗ ಸರಿಹೋದೀತು, ಆಗ ಸರಿಹೋದೀತು ಎಂದು ಕಾಯುತ್ತ ಕೂತರು. ಮಕ್ಕಳು ಮುಂಗೈ ನೋಡಿಕೊಳ್ಳುತ್ತ ತುಳಿದರು. ಬಿಸಿಲು ನೆತ್ತಿಗೇರಿತು. ಕೆಲವರು ದಾರಿಯಲ್ಲಿ ನಿಂತು, ಪಟ್ಟಿಯನ್ನು ಬೆರಳಿನಿಂದ ತಟ್ಟಿ, ಮತ್ತೆ ಹತ್ತಿ ಹೋದರು. ಅಂದು ಯಾವ ಮಗುವಿಗೂ ಫಿಟ್ಸ್ ಬರಲಿಲ್ಲ. ಆದರೆ ಗೆಲುವಿನ ಗೆರೆ ಇನ್ನೇನು ಕಾಣಬೇಕು ಎನ್ನುವಾಗ ಜಮಖಂಡಿಯ ಗಂಗವ್ವ ಎಂಬ ಹುಡುಗಿ ಸೈಕಲ್ ಸಮೇತ ಬಿದ್ದಳು. ಚರ್ಮ ಕೆಂಡದಂತೆ ಕಾಯ್ದಿತ್ತು. ಅವಳ ಎರಡೂ ಬಾಟಲಿಗಳು ತುಂಬಿದ್ದವು.

ಪೊಲೀಸರು ಶೈಲಜಾಳ ಹೇಳಿಕೆ ಪಡೆದು, ಕರೆದಾಗ ಬರಬೇಕೆಂದು ಹೇಳಿ ಬಿಟ್ಟರು. ಕೆಲಸ ಹೋಯಿತು. ಎರಡು ದಿನದೊಳಗೆ ಕಂಪನಿಯವರು ಹೊಸ ಗುಪ್ತಪದ ಹಾಕಿ ಸೆಲೆಯನ್ನು ಮತ್ತೆ ಚಾಲೂ ಮಾಡಿದರು. ನೀರಿನ ಲೆಕ್ಕ ಏರಿಸಿದ್ದು ಹಾಗೆಯೇ ಉಳಿಯಿತು. ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ನೋಡಿ ಎಂದು ಒಕ್ಕೂಟದವರು ಗಂಗವ್ವನ ಹೆಸರು ಹೇಳತೊಡಗಿದರು.

ಗಂಗವ್ವ ಬದುಕಿದಳು. ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿತ್ತು, ಅವು ಮೊದಲಿನಂತಾಗುವುದು ಅನುಮಾನ ಎಂದು ಇನಾಮದಾರರು ಹೇಳಿದರು. ಶೈಲಜಾ ಐದನೆಯ ದಿನ ಆಸ್ಪತ್ರೆಗೆ ಹೋದಳು. ಬ್ಯಾಡ ಎಂದು ರಾಚಪ್ಪ ಹೇಳಿದ್ದ. ಆಮೇಲೆ ತಾನೇ ಗೇಟಿನವರೆಗೆ ಬಿಟ್ಟು, ಹೊರಗೆ ನಿಂತ.

ಮಂಚದ ಪಕ್ಕ ಗಂಗವ್ವನ ತಾಯಿ ಕೂತಿದ್ದಳು. ಹೊಲದ ಕೆಲಸದ ಕೈಗಳು, ಇಳಕಲ್ ಸೀರೆಯ ಸೆರಗು ತಲೆಯ ಮೇಲೆ. ಶೈಲಜಾಳನ್ನು ಅವಳು ಪೇಪರಿನಲ್ಲಿ ನೋಡಿದ್ದಳೆಂದು ಕಾಣುತ್ತದೆ, ಗುರುತು ಹಿಡಿದಳು.

"ನೀವೇನ್ರಿ ಬಂದ್ ಮಾಡಿದಾಕಿ?"

"ಹೌದ್ರಿ. ನಾನ."

"ನಿಮ್ಮ ಮಗಳು ಹ್ವಾದ್ಲು ಅಂತ ನಮ್ಮಾಕಿ ಜೀವಕ್ಕ ಯಾಕ ಕೈ ಹಾಕಿದ್ರಿ?"

ಶೈಲಜಾ ಹೇಳಬೇಕೆಂದುಕೊಂಡು ಬಂದದ್ದು ಬಹಳವಿತ್ತು. ಉಪ್ಪು, ನೀರು, ತೂಕ, ಏರುತ್ತಿದ್ದ ಲೆಕ್ಕಗಳು. ಅವಳು ಮಂಚದ ಕಾಲಿನ ಕಡೆ ನಿಂತೇ ಇದ್ದಳು. ಗಂಗವ್ವನ ತಾಯಿ ಹೋಗು ಎನ್ನಲಿಲ್ಲ, ಕೂಡು ಎನ್ನಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಔಷಧಿ ಚೀಟಿ ಹಿಡಿದು ಹೊರಗೆ ಹೋದಳು.

ಗಂಗವ್ವ ಕಣ್ಣು ಬಿಟ್ಟಳು. ತುಟಿ ಒಡೆದು ಹೊಪ್ಪಳೆ ಎದ್ದಿತ್ತು.

"ನೀರಡಿಕಿ ಆಗಲಿಲ್ಲೇನವ್ವ ನಿನಗ?" ಶೈಲಜಾ ಕೇಳಿದಳು. "ಬಾಟ್ಲಿ ತುಂಬಿದ್ವಲ್ಲ."

"ಪಟ್ಟಿ ನಡುಗಲಿಲ್ರಿ. ಅದಕ್ಕ ಕುಡೀಲಿಲ್ಲ."

"ಪಟ್ಟಿ ಇರಲಿ. ಬಾಯಿ ಒಣಗಿರಬೇಕಲ್ಲ?"

"ಒಣಗಿತ್ತೇನೋ ರೀ." ಹುಡುಗಿ ನೆನಪಿಸಿಕೊಳ್ಳಲು ನೋಡಿದಳು. "ಸಣ್ಣಾಕಿದ್ದಾಗಿಂದ ಹಾಸ್ಟೆಲ್ನ್ಯಾಗ ಅದೀನ್ರಿ. ಪಟ್ಟಿ ಹೇಳಿದಾಗ ಕುಡೀತಿದ್ದೆ."

ನರ್ಸ್ ಬಂದು ಅರ್ಧ ಲೋಟ ನೀರಿಟ್ಟು, ಇನ್ನ ಬಾಯಿಂದ ಕುಡಿಯಬಹುದು, ಡಾಕ್ಟರ್ ಹೇಳಿದ್ದಾರೆ, ಆದರೆ ಇಷ್ಟೇ ಎಂದು ಹೇಳಿ ಹೋದಳು. ಶೈಲಜಾ ಮಂಚದ ಅಂಚಿಗೆ ಕೂತು, ಒಂದು ಕೈಯನ್ನು ಹುಡುಗಿಯ ಬೆನ್ನಿಗೆ ಆನಿಸಿ ಎಬ್ಬಿಸಿ, ಲೋಟವನ್ನು ಅವಳ ಮುಂದೆ ಹಿಡಿದಳು. ಗಂಗವ್ವ ಲೋಟ ನೋಡಿದಳು, ತನ್ನ ಮುಂಗೈ ನೋಡಿದಳು. ಅಲ್ಲಿ ಪಟ್ಟಿಯಿರಲಿಲ್ಲ, ಬಿಸಿಲು ಕಾಣದ ದುಂಡನೆಯ ಬಿಳಿ ಗುರುತಿತ್ತು.

"ಈಗ ಕುಡೀಲೇನ್ರಿ?"

"ನಿನಗ ಬೇಕನಸ್ತೈತೇನು?"

ಗಂಗವ್ವ ಕಣ್ಣು ಮುಚ್ಚಿ ಒಳಗೆಲ್ಲೋ ಹುಡುಕಿದಳು.

"ಗೊತ್ತಾಗವಲ್ದ್ರಿ," ಎಂದಳು.

ಕುಡಿ ಎಂಬ ಮಾತು ಶೈಲಜಾಳ ಬಾಯಿಯ ತುದಿಯವರೆಗೆ ಬಂತು. ಅದನ್ನು ಅವಳು ಆಡಲಾರದೆ ಹೋದಳು. ಲೋಟವನ್ನು ಕೆಳಗಿಡಲೂ ಆಗದೆ, ಹುಡುಗಿಯ ತುಟಿಯ ಹತ್ತಿರ ಹಿಡಿದುಕೊಂಡು, ಕಾಯುತ್ತ ಕೂತಳು.